ಅರ್ಧ ಹಳೆಯದು, ಅರ್ಧ ಹೊಸದು: ಕಂಪೈಲರ್ ತಪ್ಪಿನ ಜಾಡು ಹಿಡಿದು

2014ರ ಜುಲೈ. ಲಿನಕ್ಸ್ ಕರ್ನಲ್‌ನ 3.16ನೇ ಆವೃತ್ತಿ ಬಿಡುಗಡೆಗೆ ಸಿದ್ಧವಾಗುತ್ತಿತ್ತು. ಅದನ್ನು ಪರೀಕ್ಷೆಗೆ ಹಾಕಿಕೊಂಡಿದ್ದವರೊಬ್ಬರ ಯಂತ್ರ ಆಗೊಮ್ಮೆ ಈಗೊಮ್ಮೆ, ಹೇಳದೆ ಕೇಳದೆ ನಿಂತುಬಿಡುತ್ತಿತ್ತು. ಮುಗ್ಗರಿಸುತ್ತಿದ್ದ ಜಾಗ, ಪ್ರೊಸೆಸರ್‌ಗಳ ನಡುವೆ ಕೆಲಸವನ್ನು ಸಮನಾಗಿ ಹಂಚುವ ‘ಲೋಡ್ ಬ್ಯಾಲೆನ್ಸ್’ ಎಂಬ ಫಂಕ್ಷನ್. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಅದರ ಸಿ ಭಾಷೆಯ ಸಾಲುಗಳನ್ನು ಬಿಟ್ಟು, ಆ ಸಾಲುಗಳಿಂದ ಕಂಪೈಲರ್ ಎಂಬ ಅನುವಾದಕ ಹುಟ್ಟಿಸಿದ ಯಂತ್ರದ ಆಜ್ಞೆಗಳನ್ನೇ ಓದಿದರು. ತಪ್ಪು ಅಲ್ಲಿತ್ತು. ಯಾವುದೇ ಫಂಕ್ಷನ್ ತನ್ನ ತಾತ್ಕಾಲಿಕ ಲೆಕ್ಕಗಳಿಗೆ ಸ್ಟ್ಯಾಕ್ ಎಂಬ ಮೆಮೊರಿಯಲ್ಲಿ ಮೊದಲು ಜಾಗ ಕಾದಿರಿಸಿಕೊಳ್ಳಬೇಕು, ಆಮೇಲೆ ಅಲ್ಲಿ ಬರೆಯಬೇಕು. ಜಿಸಿಸಿ 4.9.0 ಕಂಪೈಲರ್ ಆ ಎರಡರ ಕ್ರಮ ತಪ್ಪಿಸಿ, ಜಾಗ ಕಾದಿರಿಸುವ ಮುಂಚೆಯೇ ಒಂದು ಬೆಲೆಯನ್ನು ಬರೆದಿಟ್ಟಿತ್ತು. ಬರೆಯುವುದಕ್ಕೂ ಕಾದಿರಿಸುವುದಕ್ಕೂ ನಡುವಿನ ಕಿರುಸಂದಿಯಲ್ಲಿ ಪ್ರೊಸೆಸರ್‌ನ ಕೆಲಸವನ್ನು ನಡುವೆ ತಡೆದು ಬೇರೆ ಕೆಲಸಕ್ಕೆ ಕರೆಯುವ ಒಂದು ಇಂಟರಪ್ಟ್ ಬಂದರೆ, ಯಾರೂ ಹಿಡಿದಿಲ್ಲದ ಜಾಗವೆಂದು ತಿಳಿದು ಅದು ತನ್ನ ಲೆಕ್ಕವನ್ನು ಅದರ ಮೇಲೇ ಬರೆಯುತ್ತದೆ. ಇಂಟರಪ್ಟ್ ಬರದಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಇದರಲ್ಲಿ ಇನ್ನೊಂದು ಕುಚೋದ್ಯವೂ ಇತ್ತು. ತಪ್ಪು ಹುಡುಕಲು ನೆರವಾಗಲಿ ಎಂದು ಪ್ರೋಗ್ರಾಮಿಗೆ ಸೇರಿಸುವ ಡೀಬಗ್ ಮಾಹಿತಿಯ ಲೆಕ್ಕಾಚಾರವೇ ಈ ತಪ್ಪನ್ನು ಎಬ್ಬಿಸುತ್ತಿತ್ತು. ಆ ಲೆಕ್ಕಾಚಾರವನ್ನು ನಿಲ್ಲಿಸುವ ಒಂದು ಸೂಚನೆಯನ್ನು ಕರ್ನಲ್‌ನ ಮೇಕ್‌ಫೈಲ್‌ಗೆ ಸೇರಿಸಿದರು.

ಟೊರ್ವಾಲ್ಡ್ಸ್ ಯಂತ್ರದ ಆಜ್ಞೆಗಳನ್ನು ಸರಾಗವಾಗಿ ಓದಬಲ್ಲರು. ಎಲ್ಲಿ ಓದಬೇಕೆಂಬುದೂ ಅವರಿಗೆ ಗೊತ್ತಿತ್ತು. ಸಾವಿರಾರು ಫೈಲ್‌ಗಳ ಪ್ರೋಗ್ರಾಮೊಂದು ಬರೀ ತಪ್ಪು ಉತ್ತರ ಕೊಟ್ಟು ಸುಮ್ಮನಾದರೆ, ಎಲ್ಲಿ ಮುಗ್ಗರಿಸಿತೆಂಬ ಸುಳಿವನ್ನೂ ಬಿಡದಿದ್ದರೆ, ಓದುವುದೆಲ್ಲಿಂದ?

ಸಾಮಾನ್ಯವಾಗಿ ತನ್ನ ಪ್ರೋಗ್ರಾಮ್ ಕೆಟ್ಟಾಗ ಕಂಪೈಲರನ್ನು ದೂರುವವನನ್ನು ಯಾರೂ ನಂಬುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೂರಕ್ಕೆ ತೊಂಬತ್ತೊಂಬತ್ತು ಸಲ ಆ ಅನುಮಾನ ನ್ಯಾಯವಾದದ್ದೇ. ಆದರೆ ನೆಲ ನಿಜಕ್ಕೂ ಡೊಂಕಾಗಿರುವುದುಂಟು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಶುಯೆಜುನ್ ಯಾಂಗ್, ಜಾನ್ ರೆಗೆರ್ ಮತ್ತು ಸಂಗಡಿಗರು ‘ಸಿಸ್ಮಿತ್’ ಎಂಬ ಉಪಕರಣ ಮಾಡಿದರು. ಬಾಯಿಗೆ ಬಂದಂತೆ, ಆದರೆ ಸಿ ಭಾಷೆಯ ನಿಯಮ ಮೀರದಂತೆ ಪ್ರೋಗ್ರಾಮ್‌ಗಳನ್ನು ಹೊಸೆದು ಹಲವು ಕಂಪೈಲರ್‌ಗಳಿಗೆ ತಿನ್ನಿಸಿ ಉತ್ತರಗಳನ್ನು ಹೋಲಿಸುವುದು ಅದರ ಕೆಲಸ. ಮೂರು ವರ್ಷಗಳಲ್ಲಿ ಅವರು ಕಂಪೈಲರ್ ತಯಾರಕರಿಗೆ ವರದಿ ಮಾಡಿದ, ಅದುವರೆಗೆ ಯಾರಿಗೂ ಗೊತ್ತಿರದ ತಪ್ಪುಗಳು 325ಕ್ಕೂ ಹೆಚ್ಚು. 2011ರ ಅವರ ಪ್ರಬಂಧದ ಪ್ರಕಾರ, ಪರೀಕ್ಷಿಸಿದ ಪ್ರತಿಯೊಂದು ಕಂಪೈಲರೂ ಒಂದಲ್ಲ ಒಂದು ಸಂದರ್ಭದಲ್ಲಿ ಸದ್ದಿಲ್ಲದೆ ತಪ್ಪು ಆಜ್ಞೆಗಳನ್ನು ಹೊರಹಾಕಿತ್ತು.

ಏಕೆ ಹೀಗೆ? ಕಂಪೈಲರ್ ಕೇವಲ ಅನುವಾದಕನಾಗಿದ್ದರೆ ಇಷ್ಟು ತೊಂದರೆ ಇರುತ್ತಿರಲಿಲ್ಲ. ಅದು ತಿದ್ದುವವನೂ ಹೌದು. ಎರಡು ಸಲ ಮಾಡಿದ ಲೆಕ್ಕವನ್ನು ಒಂದೇ ಸಲಕ್ಕೆ ಇಳಿಸುತ್ತದೆ, ಲೂಪಿನ ಒಳಗಿದ್ದುದನ್ನು ಹೊರಗೆ ತರುತ್ತದೆ, ಯಾರೂ ಬಳಸದ ಬೆಲೆಯನ್ನು ಅಳಿಸಿ ಹಾಕುತ್ತದೆ, ಆಜ್ಞೆಗಳ ಕ್ರಮ ಬದಲಿಸುತ್ತದೆ. ಇಂಥ ಒಂದೊಂದು ತಿದ್ದುಪಡಿಯ ಸುತ್ತನ್ನು ಪಾಸ್ ಎನ್ನುತ್ತಾರೆ. ಒಂದು ಫಂಕ್ಷನ್ ಹತ್ತಾರು, ಕೆಲವೊಮ್ಮೆ ನೂರಾರು ಪಾಸ್‌ಗಳನ್ನು ದಾಟಿ ಹೊರಬರುತ್ತದೆ. ತಿದ್ದುಪಡಿಗಳನ್ನೆಲ್ಲ ನಿಲ್ಲಿಸಿ ಕಂಪೈಲ್ ಮಾಡಿದರೆ ಪ್ರೋಗ್ರಾಮ್ ನಿಧಾನವಾಗುತ್ತದೆ, ಆದರೆ ಬಹುಮಟ್ಟಿಗೆ ಸರಿಯಾಗಿರುತ್ತದೆ.

ಇಲ್ಲಿಯೇ ಹಿಡಿತ ಸಿಗುವುದು. ನಮ್ಮ ಕೈಯಲ್ಲಿ ಒಂದು ಒಳ್ಳೆಯ ಪ್ರೋಗ್ರಾಮ್ ಇದೆ, ಅದು ಹಳೆಯ ಕಂಪೈಲರ್‌ನಿಂದಲೋ ತಿದ್ದುಪಡಿ ನಿಲ್ಲಿಸಿಯೋ ಮಾಡಿದ್ದು. ಒಂದು ಕೆಟ್ಟ ಪ್ರೋಗ್ರಾಮೂ ಇದೆ, ಹೊಸ ಕಂಪೈಲರ್‌ನಿಂದ ಬಂದದ್ದು. ಎರಡಕ್ಕೂ ಮೂಲ ಸಾಲುಗಳು ಒಂದೇ. ಕಂಪೈಲರ್ ಒಂದೊಂದು ಮೂಲ ಫೈಲನ್ನೂ ಬೇರೆಬೇರೆಯಾಗಿ ಅನುವಾದಿಸಿ ಒಂದೊಂದು ಆಬ್ಜೆಕ್ಟ್ ಫೈಲ್ ಮಾಡುತ್ತದೆ. ಕೊನೆಯಲ್ಲಿ ಲಿಂಕರ್ ಅವನ್ನೆಲ್ಲ ಜೋಡಿಸಿ ಒಂದು ಪ್ರೋಗ್ರಾಮ್ ಮಾಡುತ್ತದೆ. ಹಾಗಾದರೆ ಅರ್ಧ ಆಬ್ಜೆಕ್ಟ್ ಫೈಲ್‌ಗಳನ್ನು ಒಳ್ಳೆಯ ರಾಶಿಯಿಂದ, ಉಳಿದರ್ಧವನ್ನು ಕೆಟ್ಟ ರಾಶಿಯಿಂದ ಎತ್ತಿಕೊಂಡು ಜೋಡಿಸಿದರೆ? ಆ ಮಿಶ್ರ ಪ್ರೋಗ್ರಾಮ್ ಸರಿಯಾಗಿ ಓಡಿದರೆ ತಪ್ಪಿತಸ್ಥ ಫೈಲ್ ನಾವು ಒಳ್ಳೆಯದರಿಂದ ಬದಲಿಸಿದ ಅರ್ಧದಲ್ಲಿತ್ತು. ಕೆಟ್ಟರೆ ಅದು ಇನ್ನೂ ಒಳಗೇ ಇದೆ. ಅನುಮಾನದ ಪಟ್ಟಿ ಒಂದೇ ಏಟಿಗೆ ಅರ್ಧವಾಯಿತು. ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡಿದರಾಯಿತು. 16,000 ಫೈಲ್‌ಗಳಿದ್ದರೂ 14 ಸುತ್ತಿನಲ್ಲಿ ಒಂದೇ ಫೈಲ್ ಉಳಿಯುತ್ತದೆ. 10 ಲಕ್ಷ ಇದ್ದಿದ್ದರೂ 20 ಸುತ್ತು ಸಾಕಿತ್ತು. ಎರಡೂ ರಾಶಿಗಳನ್ನು ಒಮ್ಮೆ ಮಾಡಿ ತೆಗೆದಿಟ್ಟುಕೊಂಡರೆ ಆಮೇಲೆ ಪ್ರತಿ ಸುತ್ತಿಗೂ ಕಂಪೈಲ್ ಮಾಡುವ ಗೋಜಿಲ್ಲ, ಬರೀ ಲಿಂಕ್ ಮಾಡುವುದು. ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯುತ್ತದೆ. ಕ್ರೋಮ್ ಓಎಸ್ ಕಟ್ಟುವ ತಂಡ ಇದಕ್ಕೆಂದೇ ಒಂದು ಸ್ಕ್ರಿಪ್ಟ್ ಇಟ್ಟುಕೊಂಡಿದೆ.

ಹೀಗೆ ಅರ್ಧ ಮಾಡುತ್ತ ಹುಡುಕುವುದೇ ಬೈನರಿ ಸರ್ಚ್, ಕಂಪ್ಯೂಟರ್ ವಿಜ್ಞಾನದ ಮೊದಲ ಪಾಠಗಳಲ್ಲೊಂದು. 1946ರಲ್ಲಿ ಜಾನ್ ಮಾಕ್ಲಿ ತಮ್ಮ ಉಪನ್ಯಾಸದಲ್ಲಿ ಇದನ್ನು ಪ್ರಸ್ತಾಪಿಸಿದ್ದರು. ಸರಳವೆಂದು ಅದನ್ನು ಹಗುರವಾಗಿ ಕಾಣಬಾರದು. ಜಾನ್ ಬೆಂಟ್ಲಿ ಎಂಬ ಗಣಕ ವಿಜ್ಞಾನಿ ವೃತ್ತಿಪರ ಪ್ರೋಗ್ರಾಮರ್‌ಗಳಿಗೆ ಸಾಕಷ್ಟು ಸಮಯ ಕೊಟ್ಟು ಇದನ್ನು ಬರೆಯಿಸಿದಾಗ ಸರಿಯಾಗಿ ಬರೆದವರು ನೂರಕ್ಕೆ ಹತ್ತು ಮಂದಿ. ತಮಾಷೆಯೆಂದರೆ ಬೆಂಟ್ಲಿಯವರು ತಮ್ಮ ಪುಸ್ತಕದಲ್ಲಿ ಬರೆದ ಆವೃತ್ತಿಯಲ್ಲೂ ಒಂದು ತಪ್ಪು ಅಡಗಿತ್ತು! ಮಧ್ಯ ಕಂಡುಹಿಡಿಯಲು ಎರಡು ತುದಿಗಳ ಸಂಖ್ಯೆಗಳನ್ನು ಕೂಡಿಸಿ ಎರಡರಿಂದ ಭಾಗಿಸಬೇಕಷ್ಟೆ. ಪಟ್ಟಿ ನೂರು ಕೋಟಿ ಮೀರಿ ಬೆಳೆದರೆ ಆ ಮೊತ್ತವೇ 32 ಬಿಟ್‌ಗಳಲ್ಲಿ ಹಿಡಿಸದೆ ಋಣ ಸಂಖ್ಯೆಯಾಗಿಬಿಡುತ್ತದೆ. ಜಾವಾ ಭಾಷೆಯ ಗ್ರಂಥಾಲಯದಲ್ಲಿ ವರ್ಷಗಟ್ಟಲೆ ಕುಳಿತಿದ್ದ ಅದೇ ತಪ್ಪನ್ನು ಜೋಶುವಾ ಬ್ಲಾಕ್ 2006ರಲ್ಲಿ ಎಲ್ಲರ ಗಮನಕ್ಕೆ ತಂದರು.

ಈ ವಿಧಾನದಲ್ಲಿ ನನಗೆ ಬಲು ಇಷ್ಟವಾಗುವುದು ಅದರ ಅಜ್ಞಾನ. ಕಂಪೈಲರ್ ಒಳಗೆ ಏನು ನಡೆಯುತ್ತದೆಂದು ಅದಕ್ಕೆ ಗೊತ್ತಿರಬೇಕಿಲ್ಲ, ಪ್ರೋಗ್ರಾಮ್ ಏನು ಮಾಡುತ್ತದೆಂದೂ ಬೇಕಿಲ್ಲ. ಒಂದು ಒಳ್ಳೆಯ ತುದಿ, ಒಂದು ಕೆಟ್ಟ ತುದಿ, ನಂಬಬಹುದಾದ ಒಂದು ಪರೀಕ್ಷೆ ಇದ್ದರೆ ಸಾಕು. ಶ್ರಮವೆಲ್ಲ ಇರುವುದು ಬೇರೆ ಕಡೆ: ಅರ್ಧ ಮಾಡುವುದರಲ್ಲಲ್ಲ, ಅರ್ಧ ಮಾಡಲು ಬರುವಂತೆ ಎಲ್ಲವನ್ನೂ ಹರಡಿಟ್ಟುಕೊಳ್ಳುವುದರಲ್ಲಿ.

ಮೊದಲನೆಯದು, ಎರಡು ರಾಶಿಯ ತುಂಡುಗಳು ಒಂದರೊಡನೊಂದು ಕೂಡಬೇಕು. ಹೊಸ ಕಂಪೈಲರ್ ಒಂದು ದತ್ತರಚನೆಗೆ 24 ಬೈಟ್ ಕೊಟ್ಟು ಹಳೆಯದು 32 ಕೊಟ್ಟರೆ, ಮಿಶ್ರ ಪ್ರೋಗ್ರಾಮ್ ಕೆಡುವುದು ಖಚಿತ. ಆದರೆ ಅದು ನಾವು ಹುಡುಕುತ್ತಿರುವ ತಪ್ಪಲ್ಲ, ಬೆರಕೆಯಿಂದಲೇ ಹುಟ್ಟಿದ ಮೂರನೆಯ ತಪ್ಪು. ಸಿ++ ಭಾಷೆಯಲ್ಲಿ ಇನ್ನೂ ಸೂಕ್ಷ್ಮವಾದ ಬಲೆಯೊಂದಿದೆ. ಹೆಡರ್ ಫೈಲಿನಲ್ಲಿ ಬರೆದ ಇನ್‌ಲೈನ್ ಫಂಕ್ಷನ್ ಅಥವಾ ಟೆಂಪ್ಲೇಟ್, ಅದನ್ನು ಬಳಸಿದ ಪ್ರತಿ ಆಬ್ಜೆಕ್ಟ್ ಫೈಲಿನಲ್ಲೂ ಒಂದೊಂದು ಪ್ರತಿಯಾಗಿ ಕೂರಬಹುದು. ಲಿಂಕರ್ ಅವುಗಳಲ್ಲಿ ಒಂದನ್ನಿಟ್ಟುಕೊಂಡು ಉಳಿದವನ್ನು ಎಸೆಯುತ್ತದೆ. ಇಟ್ಟುಕೊಂಡದ್ದು ಕೆಟ್ಟ ರಾಶಿಯ ಪ್ರತಿಯಾದರೆ, ಒಳ್ಳೆಯ ರಾಶಿಯಿಂದ ಬಂದ ಫೈಲ್ ಕೂಡ ಅದನ್ನೇ ಕರೆಯುತ್ತದೆ. ಆಗ ಶೋಧ ಬೆರಳು ಮಾಡುವ ಫೈಲಿಗೂ ನಿಜವಾಗಿ ಎಡವಿದ ಸಾಲಿಗೂ ಮೇಲ್ನೋಟಕ್ಕೆ ಸಂಬಂಧವೇ ಕಾಣದಿರಬಹುದು.

ಎರಡನೆಯದು, ಪರೀಕ್ಷೆ ಸುಳ್ಳು ಹೇಳಬಾರದು. ಇಂಟರಪ್ಟ್ ಬಂದರಷ್ಟೇ ಕೆಡುವಂಥ ತಪ್ಪಿಗೆ ಇದನ್ನು ಹಚ್ಚಿ ನೋಡಿ. ಓಡಿಸಿದ ನಾಲ್ಕು ಸಲದಲ್ಲಿ ಸರಾಸರಿ ಒಂದು ಸಲ ಮಾತ್ರ ಕೆಡುತ್ತದೆ ಎಂದುಕೊಳ್ಳಿ. ಒಮ್ಮೆ ಕೆಟ್ಟಿತೆಂದರೆ ತೀರ್ಪು ಖಚಿತ. ಒಮ್ಮೆ ಕೆಡಲಿಲ್ಲ ಎಂದರೆ ಏನನ್ನೂ ಹೇಳಿದಂತಾಗಲಿಲ್ಲ. ಹತ್ತು ಸಲ ಕೆಡದೆ ಓಡಿದ ಮೇಲೂ ಒಳಗೆ ತಪ್ಪು ಉಳಿದಿರುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಹೆಚ್ಚು. ಅದನ್ನು ನೂರಕ್ಕೆ ಒಂದಕ್ಕೆ ತರಲು 16 ಸಲ ಓಡಿಸಬೇಕು. ಬೈನರಿ ಸರ್ಚ್‌ನಲ್ಲಿ ಒಂದೇ ಒಂದು ತಪ್ಪು ತೀರ್ಪು ಬಂದರೂ ಹುಡುಕಾಟ ತಪ್ಪು ಅರ್ಧಕ್ಕೆ ಇಳಿದು ಅಲ್ಲೇ ಅಲೆಯುತ್ತದೆ, ಮುಂದಿನ ಸುತ್ತುಗಳೆಲ್ಲ ವ್ಯರ್ಥ. ಅವಸರ ಪಟ್ಟವರು ದುಬಾರಿ ತೆರುವುದು ಇಲ್ಲಿ.

ಮೂರನೆಯ ಪ್ರಶ್ನೆ ಓದುಗರಲ್ಲಿ ಕೆಲವರಿಗೆ ಆಗಲೇ ಹೊಳೆದಿರಬಹುದು. ತಪ್ಪಿತಸ್ಥರು ಇಬ್ಬರಿದ್ದು, ಇಬ್ಬರೂ ಒಟ್ಟಿಗಿದ್ದಾಗ ಮಾತ್ರ ಪ್ರೋಗ್ರಾಮ್ ಕೆಡುವುದಾದರೆ? ಒಬ್ಬ ಎಡದ ಅರ್ಧದಲ್ಲೂ ಇನ್ನೊಬ್ಬ ಬಲದ ಅರ್ಧದಲ್ಲೂ ಇದ್ದರೆ, ಎಡದ ಅರ್ಧವನ್ನಷ್ಟೇ ಕೆಟ್ಟ ರಾಶಿಯಿಂದ ತಂದರೂ ಕೆಡುವುದಿಲ್ಲ, ಬಲದ ಅರ್ಧವನ್ನಷ್ಟೇ ತಂದರೂ ಕೆಡುವುದಿಲ್ಲ, ಎರಡೂ ಸೇರಿದಾಗ ಮಾತ್ರ ಎಡವಟ್ಟು. ಇಲ್ಲಿ ಒಂದು ಚಂದದ ಗಣಿತ ನೆರವಿಗೆ ಬರುತ್ತದೆ. ಫೈಲ್‌ಗಳನ್ನು ಯಾವುದೋ ಒಂದು ಸಾಲಿನಲ್ಲಿ ನಿಲ್ಲಿಸಿ. ಮೊದಲಿನಿಂದ ಇಷ್ಟು ಫೈಲ್‌ಗಳು ಕೆಟ್ಟ ರಾಶಿಯಿಂದ, ಉಳಿದವು ಒಳ್ಳೆಯ ರಾಶಿಯಿಂದ ಎಂದು ಗೆರೆ ಎಳೆಯಿರಿ. ಗೆರೆ ಎಡತುದಿಯಲ್ಲಿದ್ದಾಗ ಪ್ರೋಗ್ರಾಮ್ ಸರಿ, ಬಲತುದಿಯಲ್ಲಿದ್ದಾಗ ಕೆಟ್ಟದ್ದು. ಅಂದ ಮೇಲೆ ನಡುವೆ ಎಲ್ಲೋ ಒಂದು ಕಡೆ ಗೆರೆ ಒಂದೇ ಹೆಜ್ಜೆ ಸರಿದಾಗ ಸರಿಯಿದ್ದದ್ದು ಕೆಡಲೇಬೇಕು. ತಪ್ಪುಗಳು ಒಂದಿರಲಿ, ಹತ್ತಿರಲಿ, ಒಂದನ್ನೊಂದು ಮುಚ್ಚಿಕೊಳ್ಳುತ್ತಿರಲಿ, ಅಂಥ ಒಂದು ಹೆಜ್ಜೆ ಇದ್ದೇ ಇರುತ್ತದೆ, ಬೈನರಿ ಸರ್ಚ್ ಅದನ್ನು ಹಿಡಿದೇ ಹಿಡಿಯುತ್ತದೆ. ಜೋಡಿ ತಪ್ಪಿದ್ದರೆ ಸಿಗುವುದು ಸಾಲಿನಲ್ಲಿ ಹಿಂದೆ ನಿಂತವನು. ಅವನನ್ನು ಕೆಟ್ಟ ರಾಶಿಯಲ್ಲೇ ಬಿಟ್ಟು ಇನ್ನೊಮ್ಮೆ ಹುಡುಕಿದರೆ ಮುಂದಿನವನೂ ಸಿಗುತ್ತಾನೆ. ಜರ್ಮನಿಯ ಆಂಡ್ರಿಯಾಸ್ ಜೆಲರ್ 1999ರಲ್ಲಿ ಇಂಥ ಬೆಸೆದುಕೊಂಡ ಕಾರಣಗಳನ್ನು ಬಿಡಿಸುವ ಕ್ರಮಕ್ಕೆ ‘ಡೆಲ್ಟಾ ಡೀಬಗಿಂಗ್’ ಎಂಬ ಹೆಸರಿನಲ್ಲಿ ಗಟ್ಟಿ ರೂಪ ಕೊಟ್ಟರು.

ಫೈಲ್ ಸಿಕ್ಕಿತು, ಸರಿ. ಒಂದು ಫೈಲಿನಲ್ಲಿ ನೂರಾರು ಫಂಕ್ಷನ್‌ಗಳಿರಬಹುದು, ಪ್ರತಿಯೊಂದರ ಮೇಲೂ ನೂರಾರು ಪಾಸ್‌ಗಳು ಓಡಾಡಿರಬಹುದು. ಇನ್ನು ಕತ್ತರಿಸಬೇಕಾದದ್ದು ಕಂಪೈಲರ್ ಮಾಡಿದ ಕೆಲಸವನ್ನೇ. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಡೇವಿಡ್ ವಾಲಿ 1994ರಲ್ಲಿ ಪ್ರಕಟಿಸಿದ ಉಪಾಯ ಇಂದಿಗೂ ಹಳತಾಗಿಲ್ಲ. ಕಂಪೈಲರ್ ಮಾಡುವ ತಿದ್ದುಪಡಿಗಳಿಗೆ ಒಂದು, ಎರಡು, ಮೂರು ಎಂದು ಸಂಖ್ಯೆ ಕೊಡಿ. ಇಂತಿಷ್ಟನೆಯ ತಿದ್ದುಪಡಿ ಆದ ಮೇಲೆ ಕೈಕಟ್ಟಿ ಕುಳಿತುಕೋ ಎಂದು ಅದಕ್ಕೆ ಹೇಳಲು ಬರುವಂತೆ ಮಾಡಿ. 500ಕ್ಕೆ ನಿಲ್ಲಿಸಿದರೆ ಸರಿ, 1,000ಕ್ಕೆ ನಿಲ್ಲಿಸಿದರೆ ತಪ್ಪು, 750? ಹೀಗೆ ಸಾಗಿ ಕಡೆಗೆ ಒಂದೇ ತಿದ್ದುಪಡಿಯ ಎದುರು ನಿಲ್ಲುತ್ತೇವೆ. ಇಂದು ಎಲ್‌ಎಲ್‌ವಿಎಂ ಕಂಪೈಲರ್‌ನಲ್ಲಿ ‘ಆಪ್ಟ್ ಬೈಸೆಕ್ಟ್ ಲಿಮಿಟ್’ ಎಂಬ ಆಯ್ಕೆ ಪಾಸ್‌ಗಳ ಮಟ್ಟದಲ್ಲಿ ಇದನ್ನೇ ಮಾಡುತ್ತದೆ. ಜಿಸಿಸಿಯಲ್ಲಿರುವ ‘ಡೀಬಗ್ ಕೌಂಟರ್’ಗಳು ಪಾಸ್‌ನ ಒಳಗೂ ಇಳಿದು ಒಂದೊಂದು ತಿದ್ದುಪಡಿಯನ್ನು ಎಣಿಸಬಲ್ಲವು.

ಒಂದು ಎಚ್ಚರ ಬೇಕು. ಸಿಕ್ಕಿಬಿದ್ದ ಪಾಸ್ ನಿರಪರಾಧಿಯಾಗಿರುವುದುಂಟು. ಮೂವತ್ತನೆಯ ಪಾಸ್ ‘ಈ ಎರಡು ಪಾಯಿಂಟರ್‌ಗಳು ಒಂದೇ ಜಾಗವನ್ನು ಎಂದೂ ತೋರಿಸುವುದಿಲ್ಲ’ ಎಂದು ಸುಳ್ಳು ಟಿಪ್ಪಣಿ ಬರೆದಿಟ್ಟು ಹೋಗಿರುತ್ತದೆ. ಎಂಬತ್ತನೆಯದು ಅದನ್ನು ನಂಬಿ ಆಜ್ಞೆಗಳ ಕ್ರಮ ಬದಲಿಸುತ್ತದೆ. ಉತ್ತರ ಕೆಡುವುದು ಎಂಬತ್ತರಲ್ಲಿ, ಶೋಧ ಹಿಡಿದು ಕೊಡುವುದೂ ಎಂಬತ್ತನ್ನೇ. ಇಲ್ಲಿಂದ ಮುಂದೆ ಮನುಷ್ಯ ಓದಲೇಬೇಕು. ಆದರೆ ಓದಬೇಕಾದದ್ದು ಈಗ ಒಂದು ಫಂಕ್ಷನ್‌ನ ಹಿಂದಿನ ಮತ್ತು ಮುಂದಿನ ರೂಪಗಳಷ್ಟೆ.

ಸಂಖ್ಯೆ ಕೊಡುವ ಉಪಾಯಕ್ಕೂ ಒಂದು ಮಿತಿಯಿದೆ. ಇಂದಿನ ಕೆಲವು ಕಂಪೈಲರ್‌ಗಳು ಹಲವು ಫಂಕ್ಷನ್‌ಗಳನ್ನು ಏಕಕಾಲಕ್ಕೆ, ಬೇರೆಬೇರೆ ಪ್ರೊಸೆಸರ್‌ಗಳ ಮೇಲೆ ಅನುವಾದಿಸಬಲ್ಲವು. ಯಾವುದು ಮೊದಲು ಮುಗಿಯುತ್ತದೆಂಬುದು ಓಟದಿಂದ ಓಟಕ್ಕೆ ಬದಲು. ಈ ಸಲದ 750ನೆಯ ತಿದ್ದುಪಡಿ ಮುಂದಿನ ಸಲ 750ನೆಯದಾಗಿ ಉಳಿಯುವ ಭರವಸೆ ಇಲ್ಲ. ಗೋ ಭಾಷೆಯ ತಂಡ ಕಂಡುಕೊಂಡ ದಾರಿ ಈ ಇಡೀ ಕಥೆಯ ಅತ್ಯಂತ ಜಾಣ ಭಾಗ ಎಂದು ನನ್ನ ಎಣಿಕೆ. ಗೋ ಕಂಪೈಲರ್‌ಗೆ ಕೀತ್ ರಾಂಡಲ್ ಮುಂದಾಳತ್ವದಲ್ಲಿ ಹೊಸ ಬ್ಯಾಕೆಂಡ್, ಅಂದರೆ ಯಂತ್ರದ ಆಜ್ಞೆಗಳನ್ನು ಹೊರಡಿಸುವ ಭಾಗ, ಬರೆಯುತ್ತಿದ್ದ ಕಾಲ. ಅದು 2016ರ ಆಗಸ್ಟ್‌ನಲ್ಲಿ ಗೋ 1.7ರೊಂದಿಗೆ ಹೊರಬಂತು. ಹಳೆಯದೂ ಹೊಸದೂ ಒಂದೇ ಕಂಪೈಲರ್‌ನಲ್ಲಿ ಜೊತೆಗಿದ್ದವು, ಯಾವ ಫಂಕ್ಷನ್ನನ್ನು ಬೇಕಾದರೂ ಯಾವುದರಿಂದ ಬೇಕಾದರೂ ಅನುವಾದಿಸಬಹುದಿತ್ತು. ಹಂಚುವುದು ಹೇಗೆ? ಫಂಕ್ಷನ್‌ನ ಹೆಸರನ್ನು ಒಂದು ಹ್ಯಾಶ್ ಸೂತ್ರಕ್ಕೆ ಕೊಟ್ಟರೆ ಸೊನ್ನೆ ಮತ್ತು ಒಂದುಗಳ ಉದ್ದನೆಯ ಸರಣಿ ಬರುತ್ತದೆ. ಅದೇ ಹೆಸರಿಗೆ ಎಂದೆಂದಿಗೂ ಅದೇ ಸರಣಿ. ಸರಣಿ ಸೊನ್ನೆಯಲ್ಲಿ ಮುಗಿಯುವ ಫಂಕ್ಷನ್‌ಗಳಿಗೆ ಹೊಸ ಬ್ಯಾಕೆಂಡ್, ಒಂದರಲ್ಲಿ ಮುಗಿಯುವವಕ್ಕೆ ಹಳೆಯದು. ಪ್ರೋಗ್ರಾಮ್ ಕೆಟ್ಟರೆ ಸೊನ್ನೆ-ಸೊನ್ನೆಯಲ್ಲಿ ಮುಗಿಯುವವು, ಆಮೇಲೆ ಒಂದು-ಸೊನ್ನೆಯಲ್ಲಿ ಮುಗಿಯುವವು. ಕೊನೆಯಿಂದ ಒಂದೊಂದೇ ಅಂಕಿ ಸೇರಿಸುತ್ತ ಹೋದಂತೆ ಗುಂಪು ಸುಮಾರು ಅರ್ಧರ್ಧವಾಗುತ್ತದೆ. ಯಾರೂ ಪಟ್ಟಿ ಇಟ್ಟುಕೊಳ್ಳಬೇಕಿಲ್ಲ, ಯಾರೂ ಎಣಿಸಬೇಕಿಲ್ಲ, ಯಾವ ಕ್ರಮದಲ್ಲಿ ಕೆಲಸ ನಡೆದರೂ ಚಿಂತೆಯಿಲ್ಲ. ತಾನು ಆ ಗುಂಪಿನಲ್ಲಿದ್ದೇನೋ ಇಲ್ಲವೋ ಎಂಬುದನ್ನು ಪ್ರತಿ ಫಂಕ್ಷನ್ ತನ್ನ ಹೆಸರಿನಿಂದಲೇ ತಿಳಿದುಕೊಳ್ಳುತ್ತದೆ.

ಗೋ ತಂಡದ ರಸ್ ಕಾಕ್ಸ್ ಈ ಉಪಾಯವನ್ನು ಇನ್ನಷ್ಟು ಹಿಗ್ಗಿಸಿ ‘ಬೈಸೆಕ್ಟ್’ ಎಂಬ ಉಪಕರಣವಾಗಿ ಮಾಡಿದರು. ಫಂಕ್ಷನ್‌ನ ಹೆಸರೇ ಆಗಬೇಕಿಲ್ಲ, ಫೈಲಿನ ಹೆಸರು ಮತ್ತು ಸಾಲಿನ ಸಂಖ್ಯೆಯನ್ನೂ ಹ್ಯಾಶ್ ಮಾಡಬಹುದು. ಆಗ ಮೂಲ ಪ್ರೋಗ್ರಾಮಿನ ಒಂದು ಸಾಲನ್ನೇ ನೇರವಾಗಿ ತೋರಿಸಬಹುದು.

ಅಷ್ಟು ಹತ್ತಿರ ಬಂದ ಮೇಲೆ ಎದ್ದು ನಿಲ್ಲುವ ಪ್ರಶ್ನೆ, ತಪ್ಪು ಯಾರದು ಎಂಬುದು. ಶೋಧ ಜಾಗವನ್ನು ತೋರಿಸುತ್ತದೆ, ತೀರ್ಪು ಕೊಡುವುದಿಲ್ಲ. 2009ರಲ್ಲಿ ಲಿನಕ್ಸ್‌ನ ‘ಟನ್’ ಎಂಬ ನೆಟ್‌ವರ್ಕ್ ಡ್ರೈವರ್‌ನಲ್ಲಿ ಒಂದು ಭದ್ರತಾ ಬಿರುಕು ಬಯಲಾಯಿತು. ಬರೆದವರು ಒಂದು ಪಾಯಿಂಟರ್ ಮೂಲಕ ಬೆಲೆಯನ್ನು ಮೊದಲು ಓದಿ, ಆಮೇಲೆ ‘ಈ ಪಾಯಿಂಟರ್ ಖಾಲಿಯೇ?’ ಎಂದು ಕೇಳಿದ್ದರು. ಸಿ ಭಾಷೆಯ ನಿಯಮದಂತೆ ಖಾಲಿ ಪಾಯಿಂಟರ್ ಮೂಲಕ ಓದುವುದೇ ನಿಷಿದ್ಧ. ಆದ್ದರಿಂದ ಜಿಸಿಸಿಯ ವಾದ ಹೀಗೆ: ಆಗಲೇ ಓದಿಯಾಗಿದೆ, ಅಂದರೆ ಅದು ಖಾಲಿಯಾಗಿರಲಾರದು, ಹಾಗಾಗಿ ಪ್ರಶ್ನೆ ಅನಗತ್ಯ. ಪ್ರಶ್ನೆಯನ್ನು ಅದು ಅಳಿಸಿಹಾಕಿತು, ಕಾವಲು ಹೋಯಿತು. ಇಂಥಲ್ಲಿ ಒಳ್ಳೆಯ ರಾಶಿ, ಕೆಟ್ಟ ರಾಶಿ ಬೆರೆಸಿ ನೋಡಿದರೆ ತಿದ್ದುಪಡಿ ಮಾಡಿದ ಕಂಪೈಲರೇ ಅಪರಾಧಿಯಂತೆ ಕಾಣುತ್ತದೆ. ನಿಯಮಪುಸ್ತಕದ ಪ್ರಕಾರ ಅಪರಾಧಿ ಡ್ರೈವರ್. ಕರ್ನಲ್ ತಂಡ ಸಾಲುಗಳನ್ನು ಸರಿಪಡಿಸಿತು, ಜೊತೆಗೆ ಇನ್ನು ಮುಂದೆ ಇಂಥ ಪ್ರಶ್ನೆಗಳನ್ನು ಅಳಿಸಬೇಡ ಎಂದು ಕಂಪೈಲರಿಗೂ ಖಾಯಂ ಸೂಚನೆ ಕೊಟ್ಟಿತು. ಕಾಯಿದೆಯಲ್ಲಿ ಗೆದ್ದವನ ಕೈಯನ್ನೂ ಕಟ್ಟಿಹಾಕಿದ ಈ ವ್ಯಾವಹಾರಿಕತೆ ನನಗೆ ಸರಿಯೆನಿಸುತ್ತದೆ.

ತಪ್ಪೇ ಇಲ್ಲದೆ ಉತ್ತರ ಬದಲಾಗುವುದೂ ಉಂಟು. ಎಆರ್‌ಎಂ ಪ್ರೊಸೆಸರ್‌ಗಳಲ್ಲಿ ಗುಣಿಸಿ ಕೂಡಿಸುವುದನ್ನು ಒಂದೇ ಆಜ್ಞೆಯಲ್ಲಿ ಮುಗಿಸಬಹುದು. ಎರಡು ಸಲ ಅಂದಾಜಿಸಿ ದುಂಡು ಮಾಡುವ ಬದಲು ಒಂದೇ ಸಲ. ಉತ್ತರ ಸಾಮಾನ್ಯವಾಗಿ ಹೆಚ್ಚು ನಿಖರ, ಆದರೆ ಕೊನೆಯ ಅಂಕಿ ಬೇರೆಯಾಗಬಹುದು. ಆ ಕೊನೆಯ ಅಂಕಿಯನ್ನೇ ನೆಚ್ಚಿದ ಪರೀಕ್ಷೆ ಬೀಳುತ್ತದೆ.

ಭಾಷೆಯೇ ಬದಲಾದಾಗಲೂ ಇದೇ ಶೋಧ ನೆರವಾಗುತ್ತದೆ. ಗೋ 1.22, 2024ರ ಫೆಬ್ರವರಿಯಲ್ಲಿ ಬಂದಾಗ ಭಾಷೆಯ ಒಂದು ನಿಯಮವೇ ಬದಲಾಗಿತ್ತು. ಅದುವರೆಗೆ ಲೂಪಿನ ಎಲ್ಲ ಸುತ್ತುಗಳಿಗೂ ಸೇರಿ ಒಂದೇ ವೇರಿಯಬಲ್ ಇರುತ್ತಿತ್ತು, ಇನ್ನು ಮುಂದೆ ಪ್ರತಿ ಸುತ್ತಿಗೂ ಹೊಸದು. ಹಳೆಯ ನಿಯಮವನ್ನು ತಿಳಿಯದೆ ನೆಚ್ಚಿಕೊಂಡ ಲೂಪ್‌ಗಳು ಯಾವುವೆಂದು ಯಾರು ಓದಿ ನೋಡಬೇಕು? ಬೀಳುವ ಪ್ರತಿ ಪರೀಕ್ಷೆಯ ಮೇಲೆ ಬೈಸೆಕ್ಟ್ ಓಡಿಸಿದರೆ ಅದು ಕೆಲವು ಲೂಪ್‌ಗಳಿಗೆ ಹೊಸ ನಿಯಮ, ಉಳಿದವಕ್ಕೆ ಹಳೆಯದು ಎಂದು ಬೆರೆಸುತ್ತ ಹೋಗಿ, ಸರಿಯಾಗಿ ಆ ಲೂಪಿನ ಸಾಲನ್ನು ಹೇಳುತ್ತಿತ್ತು. ಹಾಗೆ ಬಯಲಿಗೆ ಬಂದ ಒಂದು ಬಗೆಯ ಸಾಲುಗಳು ಪರೀಕ್ಷೆಗಳಲ್ಲೇ ಇದ್ದವು. ನಾಲ್ಕು ಮಾದರಿಗಳ ಪಟ್ಟಿ, ಅವನ್ನು ಒಟ್ಟಿಗೆ ಓಡಿಸುವ ಒಂದು ಲೂಪ್. ಪರೀಕ್ಷೆಗಳು ಶುರುವಾಗುವ ಹೊತ್ತಿಗೆ ಲೂಪ್ ಮುಗಿದು, ಹಂಚಿಕೊಂಡ ವೇರಿಯಬಲ್‌ನಲ್ಲಿ ನಾಲ್ಕನೆಯ ಮಾದರಿ ಮಾತ್ರ ಉಳಿದಿರುತ್ತಿತ್ತು. ನಾಲ್ಕೂ ಪಾಸ್ ಎಂದು ಪರದೆ ತೋರಿಸುತ್ತಿತ್ತು. ಓಡಿದ್ದು ನಾಲ್ಕನೆಯದೇ, ನಾಲ್ಕು ಸಲ. ಹೊಸ ಕಂಪೈಲರ್ ಬಂದ ಮೇಲೆ ಮೊದಲ ಮೂರು ಮಾದರಿಗಳು ಮೊತ್ತಮೊದಲ ಬಾರಿಗೆ ನಿಜವಾಗಿ ಓಡಿದವು, ಅವುಗಳಲ್ಲಿ ಕೆಲವು ಫೇಲಾದವು.